ಕಾಯಿಲೆ ಬಿದ್ದ ಗೋಲ್ಡ್‌ಫಿಶ್: ನೀರೋ, ಉಪ್ಪೋ, ಔಷಧಿಯೋ?

ರೆಕ್ಕೆ ಮುದುಡಿಕೊಂಡು ಟ್ಯಾಂಕಿನ ಮೂಲೆಯಲ್ಲಿ ಕೂತ ಗೋಲ್ಡ್‌ಫಿಶ್ ಕಂಡ ಕೂಡಲೇ ಕೈ ಹೋಗುವುದು ಔಷಧಿ ಬಾಟಲಿಗೆ. ಬಾಟಲಿಯ ಮೇಲೆ ಹತ್ತು ರೋಗಗಳ ಹೆಸರಿದ್ದರಂತೂ ಇನ್ನೂ ಧೈರ್ಯ. ಆದರೆ ಈ ಹೊತ್ತಿನಲ್ಲಿ ಕೈಯಲ್ಲಿರುವ ಆಯ್ಕೆಗಳೆಲ್ಲ ಒಂದೇ ತೂಕದವಲ್ಲ. ಸರಿಯಾಗಿ ನೀರು ಬದಲಿಸಿದರೆ, ಅದು ಬೇಕಿರಲಿಲ್ಲ ಎಂದು ಆಮೇಲೆ ಗೊತ್ತಾದರೂ ನಷ್ಟವಿಲ್ಲ. ಉಪ್ಪು ಹಾಕಿದ್ದು ತಪ್ಪಾದರೆ ಅರ್ಧ ನೀರು ಚೆಲ್ಲಿ ಸರಿಮಾಡಬಹುದು. ಪರೋಪಜೀವಿ ಕೊಲ್ಲುವ ಔಷಧಿ ಫಾರ್ಮಲಿನ್ ಹೆಚ್ಚಾಗಿ ಕಿವಿರು ಸುಟ್ಟರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಇಲ್ಲಿ ಎರಡು ದಾರಿ ಎದುರಾದಾಗಲೆಲ್ಲ ಕೇಳಿಕೊಂಡಿರುವ ಪ್ರಶ್ನೆ ಎರಡೇ: ಇದು ಕಿವಿರಿಗೆ ಏನು ಮಾಡುತ್ತದೆ? ತಪ್ಪಾದರೆ ವಾಪಸ್ ತೆಗೆಯಬಹುದೇ?

ಮೀನನ್ನು ನೋಡುವ ಮೊದಲು ನೀರನ್ನು ನೋಡಿ

ಟ್ಯಾಂಕಿನ ಮೀನುಗಳೆಲ್ಲ ಒಟ್ಟಿಗೆ ಮಂಕಾಗಿದ್ದರೆ ಮೊದಲ ಅನುಮಾನ ನೀರಿನ ಮೇಲಿರಲಿ. ಒಂದೇ ಮೀನು ಸೊರಗಿ ಉಳಿದವು ಗೆಲುವಾಗಿದ್ದರೆ ರೋಗ ಅಥವಾ ಆ ಮೀನಿನ ದೇಹದ್ದೇ ತೊಂದರೆ ಇರುವ ಸಾಧ್ಯತೆ ಹೆಚ್ಚು. ಎರಡರಲ್ಲಿ ಯಾವುದಾದರೂ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ (ನೀರಿನ ಆಮ್ಲ–ಕ್ಷಾರ ಮಟ್ಟ) ಮತ್ತು ಉಷ್ಣತೆ, ಈ ಐದನ್ನು ಅಳೆಯದೆ ಮುಂದೆ ಹೋಗಬೇಡಿ.

ಅದ್ದಿ ತೆಗೆಯುವ ಪಟ್ಟಿಗಿಂತ ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ಒಳ್ಳೆಯದು. ಪಟ್ಟಿಗಳು ಬೇಗ ಫಲಿತಾಂಶ ಕೊಡುತ್ತವೆ ನಿಜ, ಆದರೆ ಹಲವು ಪಟ್ಟಿಗಳಲ್ಲಿ ಅಮೋನಿಯಾದ ಚೌಕವೇ ಇರುವುದಿಲ್ಲ. ನಮಗೆ ಮುಖ್ಯವಾಗಿ ಬೇಕಿರುವುದೇ ಅದು. ಹನಿ ಕಿಟ್‌ನಲ್ಲಿ ಕೊಳವೆಯ ನೀರು ಹಳದಿಯಾಗೇ ಉಳಿದರೆ ಅಮೋನಿಯಾ ಇಲ್ಲ, ಹಸಿರಿಗೆ ತಿರುಗಿದರೆ ಇದೆ. ಹಳದಿಯೋ ತಿಳಿಹಸಿರೋ ಎಂಬ ಅನುಮಾನ ಬಂದರೆ, ಅಮೋನಿಯಾ ಇಲ್ಲವೆಂದು ಖಚಿತವಿರುವ ಬಾಟಲಿ ನೀರನ್ನು ಇನ್ನೊಂದು ಕೊಳವೆಯಲ್ಲಿ ಪರೀಕ್ಷಿಸಿ, ಎರಡನ್ನೂ ಬಿಳಿ ಕಾಗದದ ಮುಂದೆ ಅಕ್ಕಪಕ್ಕ ಹಿಡಿದು ನೋಡಿ. ಸರಿಯಾದ ಲೆಕ್ಕ ಹೀಗೆ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 40 ಪಿಪಿಎಂಗಿಂತ (ಲೀಟರಿಗೆ ಮಿಲಿಗ್ರಾಂ) ಕಡಿಮೆ, ಉಷ್ಣತೆ 18ರಿಂದ 23 ಡಿಗ್ರಿ ಸೆಲ್ಸಿಯಸ್.

ಅಮೋನಿಯಾದ ಅಂಕಿಯನ್ನು ಒಂಟಿಯಾಗಿ ಓದಬಾರದು, ಪಕ್ಕದಲ್ಲಿ ಪಿಎಚ್ ಇರಲೇಬೇಕು. 20 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವುದು ಸುಮಾರು ಶೇ. 0.4 ಮಾತ್ರ. ಪಿಎಚ್ 8 ಆದರೆ ಅದು ಸುಮಾರು ಶೇ. 3.8ಕ್ಕೆ ಏರುತ್ತದೆ. ಕಿಟ್ ತೋರಿಸುವ ಅಂಕಿ ಅದೇ, ವಿಷ ಮಾತ್ರ ಹೆಚ್ಚುಕಮ್ಮಿ ಹತ್ತು ಪಟ್ಟು.

ನೀರು ಎಷ್ಟು ಬದಲಿಸಬೇಕು ಎಂಬುದನ್ನು ತೀರ್ಮಾನಿಸುವುದೂ ಇದೇ ಲೆಕ್ಕ. ಟ್ಯಾಂಕಿನ ಪಿಎಚ್ ಮತ್ತು ನಲ್ಲಿ ನೀರಿನ ಪಿಎಚ್ ಹತ್ತಿರ ಹತ್ತಿರವಿದ್ದರೆ ಇಂದೇ ಅರ್ಧ ನೀರು ಬದಲಿಸಿ, ನಾಳೆ ಮತ್ತೆ ಅರ್ಧ. ಆದರೆ ತಿಂಗಳುಗಟ್ಟಲೆ ನೀರು ಬದಲಿಸದ ಟ್ಯಾಂಕಿನ ಕಥೆ ಬೇರೆ. ಅಲ್ಲಿ ಆಮ್ಲವನ್ನು ತಡೆದುಕೊಳ್ಳುವ ಕಾರ್ಬೊನೇಟ್ ಖಾಲಿಯಾಗಿ ಪಿಎಚ್ 6ರ ಆಸುಪಾಸಿಗೆ ಬಿದ್ದಿರುತ್ತದೆ, ಅಮೋನಿಯಾವನ್ನು ತಿಂದು ಕರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾ ಸುಸ್ತಾಗಿರುತ್ತದೆ, ಅಮೋನಿಯಾ 4 ಪಿಪಿಎಂ ಇದ್ದರೂ ಮೀನು ಹೇಗೋ ಓಡಾಡಿಕೊಂಡಿರುತ್ತದೆ. ಅಂಥ ಟ್ಯಾಂಕಿಗೆ ಒಂದೇ ಸಲ ಮುಕ್ಕಾಲು ಭಾಗ ಹೊಸ ನೀರು ಸುರಿದರೆ ಪಿಎಚ್ ದಿಢೀರನೆ ಏರಿ, ಉಳಿದ ಅಮೋನಿಯಾ ವಿಷವಾಗಿ, ಬೆಳಗ್ಗೆ ನೀರು ಬದಲಿಸಿದವರು ಸಂಜೆಗೆ ಮೀನು ಕಳೆದುಕೊಳ್ಳುತ್ತಾರೆ. ಇಲ್ಲಿ ಶೇ. 10–15ರಂತೆ ದಿನಕ್ಕೆ ಎರಡು ಸಲ, ಜೊತೆಗೆ ಅಮೋನಿಯಾವನ್ನು ಹಿಡಿದಿಡುವ ಕಂಡೀಷನರ್. ನಿಧಾನವೇ ಸರಿಯಾದ ದಾರಿಯಾಗುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ನಲ್ಲಿ ನೀರನ್ನು ರಾತ್ರಿಯಿಡೀ ಬಕೆಟ್‌ನಲ್ಲಿ ಬಿಟ್ಟರೆ ಸಾಕೇ, ಕ್ಲೋರಿನ್ ತೆಗೆಯುವ ಕಂಡೀಷನರ್ ಬೇಕೇ? ಬರೀ ಕ್ಲೋರಿನ್ ಇದ್ದರೆ ತೆರೆದ ಬಕೆಟ್‌ನಲ್ಲಿ ಒಂದು ದಿನದಲ್ಲಿ ಹಾರಿಹೋಗುತ್ತದೆ. ಕ್ಲೋರಿನ್‌ಗೆ ಅಮೋನಿಯಾ ಬೆರೆಸಿದ ಕ್ಲೋರಮಿನ್ ಬಳಸುವ ಕಡೆ ಹಾಗೆ ಹೋಗುವುದಿಲ್ಲ. ಕಾಯಿಲೆಯ ಮೀನಿಗೆ ದಿನಾ ನೀರು ಬದಲಿಸಬೇಕಾಗುವುದರಿಂದ ಕಂಡೀಷನರ್ ಇಟ್ಟುಕೊಳ್ಳುವುದೇ ಲೇಸು. ಹೊಸ ನೀರಿನ ಉಷ್ಣತೆ ಹಳೆಯದಕ್ಕಿಂತ ಒಂದೆರಡು ಡಿಗ್ರಿಗಿಂತ ಹೆಚ್ಚು ಆಚೀಚೆ ಇರಬಾರದು.

ನೀರಿನ ಕೆಲಸ ಮುಗಿದ ಮೇಲೆ ಮೀನು. ಹದಿನೈದು ಸೆಕೆಂಡಿನಲ್ಲಿ ಕಿವಿರಿನ ಮುಚ್ಚಳ ಎಷ್ಟು ಸಲ ತೆರೆದು ಮುಚ್ಚಿತು ಎಣಿಸಿ. ಅದೇ ಟ್ಯಾಂಕಿನ ಆರೋಗ್ಯವಂತ ಮೀನಿನದನ್ನೂ ಎಣಿಸಿ, ಎರಡನ್ನೂ ಬರೆದಿಡಿ. ಒಂದು ಕಿವಿರು ಮುಚ್ಚಿಕೊಂಡು ಇನ್ನೊಂದರಲ್ಲೇ ಉಸಿರಾಡುತ್ತಿದ್ದರೆ ಕಿವಿರಿಗೆ ಹುಳ ಹತ್ತಿರುವ ಅನುಮಾನ ಪಡಬಹುದು. ಗಾಳಿ ಚೆನ್ನಾಗಿ ಬರುತ್ತಿದ್ದರೂ ಮೇಲ್ಮೈಯಲ್ಲೇ ಬಾಯಿ ಆಡಿಸುತ್ತಿದ್ದು, ಕಿವಿರು ಕಂದುಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ರಕ್ತ ಸೇರಿದೆ. ಕೊನೆಗೆ ಒಂದು ಉಂಡೆ ಆಹಾರ ಹಾಕಿ, ತಿನ್ನುತ್ತದೋ ಇಲ್ಲವೋ ನೋಡಿ. ಮುಂದೆ ಔಷಧಿ ಆರಿಸುವಾಗ ಈ ಉತ್ತರ ಬೇಕಾಗುತ್ತದೆ.

ಇದ್ದಲ್ಲೇ ಇಡುವುದೋ, ಬೇರೆ ಮಾಡುವುದೋ?

ಬೇರೆ ಮಾಡಿದರೆ ಔಷಧಿ ಕಡಿಮೆ ಸಾಕು, ನೀರು ಬದಲಿಸುವುದು ಸುಲಭ, ಮಲ ಬಿತ್ತೇ ಇಲ್ಲವೇ ಎಂದು ಕಣ್ಣಿಗೆ ಕಾಣುತ್ತದೆ, ಮುಖ್ಯ ಟ್ಯಾಂಕಿನ ಫಿಲ್ಟರ್ ಹಾಳಾಗುವುದಿಲ್ಲ. ಬದಲಿಗೆ ಮೀನು ಹಿಡಿಯುವ ಗಾಬರಿ, ಹೊಸ ಜಾಗದ ಗಾಬರಿ ಮತ್ತು ಹದಕ್ಕೆ ಬರದ ಫಿಲ್ಟರಿನಿಂದ ಏರುವ ಅಮೋನಿಯಾವನ್ನು ಮೀನು ಸಹಿಸಬೇಕು. ಸೋಂಕಿಗಿಂತ ಮೊದಲು ಚಿಕಿತ್ಸೆ ಟ್ಯಾಂಕಿನ ಅಮೋನಿಯಾವೇ ಮೀನನ್ನು ಮುಗಿಸುವುದೂ ಉಂಟು.

ತೀರ್ಮಾನಿಸುವುದು ರೋಗ ಎಲ್ಲಿದೆ ಎಂಬುದರ ಮೇಲೆ. ಬಿಳಿಚುಕ್ಕೆ ರೋಗ ಮತ್ತು ಹುಳಗಳ ಮರಿಗಳು ಟ್ಯಾಂಕಿನ ನೀರಿನಲ್ಲೂ ತಳದಲ್ಲೂ ಇರುತ್ತವೆ, ಆದ್ದರಿಂದ ಒಂದು ಮೀನನ್ನು ಎತ್ತಿ ಬೇರೆಡೆ ಹಾಕಿದರೆ ಪ್ರಯೋಜನವಿಲ್ಲ, ಇಡೀ ಟ್ಯಾಂಕಿಗೇ ಚಿಕಿತ್ಸೆ ಬೇಕು. ಹುಣ್ಣು, ಮೈಯಲ್ಲಿ ನೀರು ತುಂಬಿ ಹುರುಪೆ ಎದ್ದ ಡ್ರಾಪ್ಸಿ, ಮೀನನ್ನು ನೀರಿನಲ್ಲಿ ಸಮತೋಲದಲ್ಲಿಡುವ ಗಾಳಿಚೀಲದ ತೊಂದರೆ, ಜೊತೆಯ ಮೀನುಗಳು ಕುಕ್ಕಿ ಓಡಿಸುತ್ತಿರುವುದು, ಇವಕ್ಕೆ ಬೇರೆ ಟ್ಯಾಂಕ್. ಇವೆರಡರ ನಡುವಿನ ದಾರಿಯೂ ಇದೆ: ತೂತುಗಳಿರುವ ಬುಟ್ಟಿಯನ್ನು ಮುಖ್ಯ ಟ್ಯಾಂಕಿನೊಳಗೇ ತೇಲಿಬಿಟ್ಟು ಮೀನನ್ನು ಅದರಲ್ಲಿಡುವುದು. ತೇಲುವ ಅಥವಾ ಮುಳುಗುವ ಮೀನಿಗೆ ನಮ್ಮ ಆಯ್ಕೆ ಬಹುಪಾಲು ಇದೇ. ನೀರು ಹಳೆಯದೇ, ಫಿಲ್ಟರ್ ಹಳೆಯದೇ, ಕಾಟ ಮಾತ್ರ ತಪ್ಪುತ್ತದೆ.

ಚಿಕಿತ್ಸೆ ಟ್ಯಾಂಕ್ 40 ಲೀಟರಾದರೂ ಇರಲಿ. ಗಾಜಿನದೇ ಆಗಬೇಕಿಲ್ಲ, ಸೋಪು ಮುಟ್ಟದ ಪ್ಲಾಸ್ಟಿಕ್ ಟಬ್ ಆದೀತು. ಏರ್ ಪಂಪ್, ಸ್ಪಂಜ್ ಫಿಲ್ಟರ್, ಥರ್ಮಾಮೀಟರ್, ಮುಚ್ಚಳ, ಇಷ್ಟೇ. ಜಲ್ಲಿ ಬೇಡ. ಮೂರು ಬದಿಗೆ ಬಟ್ಟೆ ಹೊದಿಸಿದರೆ ಓಡಾಡುವವರ ನೆರಳಿಗೆ ಮೀನು ಬೆಚ್ಚುವುದಿಲ್ಲ. ಮುಖ್ಯ ಟ್ಯಾಂಕಿನ ನೀರು ಚೆನ್ನಾಗಿದ್ದರೆ ಅರ್ಧ ಅದನ್ನೇ ತುಂಬಿಸಿ. ಅಲ್ಲಿನ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಇಲ್ಲಿಗೆ ಹಾಕಿದರೆ ಬ್ಯಾಕ್ಟೀರಿಯಾ ಸಿದ್ಧವಾಗೇ ಬರುತ್ತದೆ. ಆ ತುಂಡು ಮತ್ತೆ ಹಿಂದಕ್ಕೆ ಹೋಗಬಾರದು, ಚಿಕಿತ್ಸೆ ಮುಗಿದ ಮೇಲೆ ಎಸೆಯಿರಿ. ಸ್ಪಂಜ್ ಸಿಗದಿದ್ದರೆ ದಿನಾ ಅಮೋನಿಯಾ ಅಳೆದು ದಿನಾ ಅರ್ಧ ನೀರು ಬದಲಿಸುವುದು ತಪ್ಪದು.

ಹಿಡಿಯುವಾಗ ಬಲೆ ಬೇಡ. ಹುರುಪೆ ಎದ್ದ ಮೀನು, ಉಬ್ಬುಗಣ್ಣಿನ ಮೀನು, ತಲೆಯ ಮೇಲೆ ಗಂಟು ಬೆಳೆಯುವ ಒರಾಂಡ, ಇವೆಲ್ಲ ಬಲೆಯ ನೂಲಿಗೆ ಸಿಕ್ಕಿ ಗಾಯ ಮಾಡಿಕೊಳ್ಳುತ್ತವೆ. ಅಗಲವಾದ ಬಟ್ಟಲನ್ನು ನೀರಿನಲ್ಲಿ ಮುಳುಗಿಸಿ, ಇನ್ನೊಂದು ಕೈಯಿಂದ ಮೀನನ್ನು ಮೆಲ್ಲಗೆ ಅದರತ್ತ ನಡೆಸಿ, ನೀರಿನ ಸಮೇತ ಎತ್ತಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಸೈಫನ್ ಪೈಪನ್ನು ಬಾಯಿಂದ ಎಳೆಯಬೇಡಿ. ಮೀನುಗಳಲ್ಲಿರುವ ಮೈಕೊಬ್ಯಾಕ್ಟೀರಿಯಂ ಮರೈನಂ ಎಂಬ ರೋಗಾಣು ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಹತ್ತುತ್ತದೆ, ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ.

ಉಪ್ಪು: ಯಾವುದು, ಎಷ್ಟು, ಯಾವಾಗ ಬೇಡ

ಸಿಹಿನೀರಿನ ಮೀನಿನ ಮೈಯೊಳಗಿನ ದ್ರವದಲ್ಲಿ ಉಪ್ಪಿನ ಸಾಂದ್ರತೆ ಸುಮಾರು ಶೇ. 0.9ಕ್ಕೆ ಸಮ. ಹೊರಗಿನ ನೀರಿನಲ್ಲಿ ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಿವಿರು, ಚರ್ಮಗಳ ಮೂಲಕ ನೀರು ಸದಾ ಒಳಗೆ ಜಿನುಗುತ್ತಿರುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತಲೇ ಇರುತ್ತದೆ. ಚರ್ಮದಲ್ಲಿ ಹುಣ್ಣಾದರೆ ಅದು ದೋಣಿಗೆ ತೂತು ಬಿದ್ದ ಹಾಗೆ. ನೀರನ್ನು ಶೇ. 0.3 ಉಪ್ಪಾಗಿಸಿದರೆ ಒಳಹೊರಗಿನ ಅಂತರ ಮೂರನೇ ಒಂದು ಭಾಗ ತಗ್ಗುತ್ತದೆ, ಮೂತ್ರಪಿಂಡಕ್ಕೆ ಅಷ್ಟು ಬಿಡುವು. ಉಪ್ಪು ರೋಗಾಣುಗಳನ್ನೆಲ್ಲ ಕೊಲ್ಲುತ್ತದೆ ಎಂದುಕೊಳ್ಳುವವರಿದ್ದಾರೆ. ಅದರ ಮುಖ್ಯ ಉಪಕಾರ ಈ ಬಿಡುವೇ.

ಅಡುಗೆ ಉಪ್ಪೇ ಆಗಬಹುದು, ಆದರೆ ಗಟ್ಟಿಯಾಗದಿರಲು ಬೇರೆ ಪುಡಿ ಬೆರೆಸಿರದ ಶುದ್ಧ ಉಪ್ಪನ್ನು ಹುಡುಕಿ. ಚಮಚದ ಲೆಕ್ಕ ಬೇಡ. ಪುಡಿ ಉಪ್ಪಿನ ಒಂದು ಚಮಚಕ್ಕೂ ಹರಳು ಉಪ್ಪಿನ ಒಂದು ಚಮಚಕ್ಕೂ ತೂಕದಲ್ಲಿ ಎಷ್ಟೋ ವ್ಯತ್ಯಾಸ. ತಕ್ಕಡಿಯಲ್ಲಿ ತೂಗಿ. ನೀರನ್ನೂ ಅಳೆಯಿರಿ: ಉದ್ದ, ಅಗಲ, ನೀರಿನ ಆಳ, ಮೂರನ್ನೂ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್. 100 ಲೀಟರಿನದೆಂದು ಕೊಂಡ ಟ್ಯಾಂಕಿನಲ್ಲಿ ಜಲ್ಲಿ, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ 85 ಲೀಟರ್ ನೀರಿದ್ದರೆ ಹೆಚ್ಚು. ಮುಂದಿನ ಎಲ್ಲ ಔಷಧಿಗೂ ಇದೇ ಲೆಕ್ಕ.

ಪ್ರಮಾಣ ರೋಗಕ್ಕೆ ತಕ್ಕಂತೆ. ನೈಟ್ರೈಟ್ ವಿಷಕ್ಕೆ ಲೀಟರಿಗೆ 1 ಗ್ರಾಂ ಸಾಕು, ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿನ ದಾರಿಗೆ ಅಡ್ಡ ನಿಲ್ಲುತ್ತದೆ. ಹುಣ್ಣು, ಬಿಳಿಚುಕ್ಕೆ ರೋಗಕ್ಕೆ ಲೀಟರಿಗೆ 3 ಗ್ರಾಂ. 40 ಲೀಟರಿನ ಟಬ್ಬಿಗೆ ಒಟ್ಟು 120 ಗ್ರಾಂ. ಈಗ 40, ಹನ್ನೆರಡು ಗಂಟೆ ಬಿಟ್ಟು 40, ಮತ್ತೆ ಹನ್ನೆರಡು ಗಂಟೆ ಬಿಟ್ಟು ಕೊನೆಯ 40. ಜಗ್ಗಿನಲ್ಲಿ ಪೂರ್ತಿ ಕರಗಿಸಿ, ಏರ್ ಸ್ಟೋನಿನ ಗುಳ್ಳೆಗಳಿರುವ ಕಡೆ ಸುರಿಯಿರಿ. ಕರಗದ ಹರಳು ಮೀನಿನ ಮೇಲೆ ಕೂತರೆ ಚರ್ಮ ಸುಡುತ್ತದೆ.

ಹೆಚ್ಚಿನವರು ಎಡವುವುದು ಆಮೇಲೆ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಮಟ್ಟ ಇಳಿದಾಗ ಬರೀ ನೀರು ತುಂಬಬೇಕು. 20 ಲೀಟರ್ ತೆಗೆದು ಹೊಸದು ಹಾಕಿದರೆ ಮಾತ್ರ ಆ 20 ಲೀಟರಿನ ಪಾಲಿನ 60 ಗ್ರಾಂ ಉಪ್ಪು ಸೇರಿಸಬೇಕು. ಫಿಲ್ಟರಿನಲ್ಲಿ ಅಮೋನಿಯಾ ಹೀರುವ ಜಿಯೋಲೈಟ್ ಹರಳಿದ್ದರೆ ಉಪ್ಪಿಗೂ ಮೊದಲೇ ತೆಗೆಯಿರಿ, ಇಲ್ಲದಿದ್ದರೆ ಉಪ್ಪು ಬಿದ್ದ ಕೂಡಲೇ ಅದು ಹೀರಿಟ್ಟುಕೊಂಡಿದ್ದ ಅಮೋನಿಯಾವನ್ನೆಲ್ಲ ವಾಪಸ್ ಬಿಡುತ್ತದೆ. 3 ಗ್ರಾಂ ಮಟ್ಟದಲ್ಲಿ ಹಲವು ಗಿಡಗಳು ಕೊಳೆಯುತ್ತವೆ, ಅವನ್ನೂ ಎತ್ತಿಡಿ.

ಎಪ್ಸಮ್ ಉಪ್ಪು ಹೆಸರಿಗೆ ಮಾತ್ರ ಉಪ್ಪು. ಅದು ಮೆಗ್ನೀಸಿಯಂ ಸಲ್ಫೇಟ್, ಕೆಲಸವೇ ಬೇರೆ: ಮಲಬದ್ಧತೆ ಸಡಿಲಿಸುವುದು, ಹೊಟ್ಟೆಯುಬ್ಬರ ಇಳಿಸಲು ನೆರವಾಗುವುದು. ಬೇರೆ ಬಟ್ಟಲಿನಲ್ಲಿ 4 ಲೀಟರಿಗೆ ಒಂದು ಟೇಬಲ್ ಚಮಚದಂತೆ ಕರಗಿಸಿ, ಮೀನನ್ನು 15 ನಿಮಿಷ ಬಿಟ್ಟು ತೆಗೆಯುವುದು ರೂಢಿಯಲ್ಲಿರುವ ಕ್ರಮ. ನೈಟ್ರೈಟಿಗೆ ಇದರಿಂದ ಏನೂ ಆಗದು.

ಇನ್ನು ಲೀಟರಿಗೆ 30 ಗ್ರಾಂ ಉಪ್ಪಿನ ನೀರಿನಲ್ಲಿ ಅರ್ಧ ನಿಮಿಷದಿಂದ ಒಂದೆರಡು ನಿಮಿಷ ಅದ್ದಿ ತೆಗೆಯುವ ಕ್ರಮ. ಗಟ್ಟಿಮುಟ್ಟಾದ ಮೀನಿನ ಮೈಮೇಲಿನ ಹುಳ ಉದುರಿಸಲು ಇದು ಚುರುಕಾದ ಉಪಾಯ. ಮೀನು ಮಗುಚಿಕೊಂಡ ತಕ್ಷಣ ತೆಗೆಯಬೇಕು ಎಂಬುದೇ ಇದರ ನಿಯಮವಾದ್ದರಿಂದ, ಈಗಾಗಲೇ ಮಗುಚಿ ಮಲಗಿರುವ ಮೀನಿಗೆ ಇದು ಹೇಗೆ ಒಗ್ಗೀತು? ತೀವ್ರ ಕಾಯಿಲೆಯ ಮೀನಿಗೆ ಬೇಡ.

ಬೆಚ್ಚಗೋ, ತಣ್ಣಗೋ?

ಬಿಳಿಯಾಗಿ ಕಾಣುವ ಮೂರು ರೋಗಗಳಿವೆ, ಒಂದಕ್ಕೆ ಒಳ್ಳೆಯದು ಇನ್ನೊಂದಕ್ಕೆ ಕೆಟ್ಟದ್ದು. ಬಿಳಿಚುಕ್ಕೆ ರೋಗದಲ್ಲಿ ಉಪ್ಪಿನ ಹರಳು ಚಿಮುಕಿಸಿದಂತೆ ಬಿಡಿಬಿಡಿ ಚುಕ್ಕೆ, ಮೈಮೇಲೂ ರೆಕ್ಕೆಯ ಮೇಲೂ. ನೀರಿನಲ್ಲಿ ಸತ್ತ ಚರ್ಮದ ಮೇಲೆ ಬೆಳೆಯುವ ಬೂಷ್ಟು ಹತ್ತಿಯ ಎಳೆಗಳಂತೆ ಅಲೆಯುತ್ತದೆ. ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಬೂಷ್ಟಿನಂತೆಯೇ ಕಂಡರೂ ಮೋಟು, ಬೂದುಬಿಳಿ, ಅಂಚು ಕೆಲವೊಮ್ಮೆ ಹಳದಿ. ಬಾಯಿಯ ಸುತ್ತ, ಅಥವಾ ಬೆನ್ನಿನ ಮೇಲೆ ಜೀನು ಹೊದಿಸಿದ ಆಕಾರದಲ್ಲಿ ಹರಡುತ್ತದೆ. ಇದು ಒಂದೆರಡು ದಿನದಲ್ಲೇ ಕೊಲ್ಲಬಲ್ಲದು.

ಬಿಳಿಚುಕ್ಕೆಯ ಪರೋಪಜೀವಿ ಚರ್ಮದ ಅಡಿಯಲ್ಲಿದ್ದಾಗ ಯಾವ ಔಷಧಿಯೂ ನಾಟುವುದಿಲ್ಲ. ಕಳಚಿ ಬಿದ್ದು, ತಳದಲ್ಲಿ ಒಡೆದು, ಈಜುವ ಮರಿಗಳಾದಾಗ ಮಾತ್ರ ಸಾಯುತ್ತದೆ. ಈ ಚಕ್ರ 25 ಡಿಗ್ರಿಯಲ್ಲಿ ಒಂದು ವಾರದೊಳಗೆ ಮುಗಿದರೆ 10 ಡಿಗ್ರಿಯಲ್ಲಿ ತಿಂಗಳು ಮೀರುತ್ತದೆ. ಆದ್ದರಿಂದ ಇಲ್ಲಿ ಬೆಚ್ಚಗೆ ಮಾಡುವುದು ಸರಿ: ಗಂಟೆಗೆ 1 ಡಿಗ್ರಿ ಮೀರದಂತೆ 25ರವರೆಗೆ ಏರಿಸಿ, 3 ಗ್ರಾಂ ಉಪ್ಪಿನಲ್ಲಿ ಕನಿಷ್ಠ ಹತ್ತು ದಿನ ಇಡಿ. ಕೊನೆಯ ಚುಕ್ಕೆ ಮಾಯವಾದ ಮೇಲೂ ಮೂರು–ನಾಲ್ಕು ದಿನ ಮುಂದುವರಿಸಿ. ಎರಡನೇ ದಿನ ಚುಕ್ಕೆ ಹೆಚ್ಚಾದರೆ ಚಿಕಿತ್ಸೆ ಸೋತಿತು ಎಂದಲ್ಲ, ಮೊದಲೇ ಒಳಗಿದ್ದದ್ದು ದೊಡ್ಡದಾಗಿ ಕಣ್ಣಿಗೆ ಬಿದ್ದಿದೆ ಅಷ್ಟೆ. ಕಾಲಮ್ನಾರಿಸ್‌ಗೆ ಇದೇ ಶಾಖ ಗೊಬ್ಬರ. ಅನುಮಾನವಿದ್ದರೆ ಹೀಟರ್ ಮುಟ್ಟಬೇಡಿ.

ಬೆಚ್ಚಗಿನ ನೀರಿನಲ್ಲಿ ಆಮ್ಲಜನಕವೂ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ 9.1 ಮಿಲಿಗ್ರಾಂ ಕರಗಿದರೆ 26 ಡಿಗ್ರಿಯಲ್ಲಿ 8.1. ಹೀಟರ್ ಹಾಕಿದವರು ಇನ್ನೊಂದು ಏರ್ ಸ್ಟೋನ್ ಕೂಡ ಹಾಕಬೇಕು.

ಅಂದ ಹಾಗೆ, ಚುಕ್ಕೆಗಳು ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿದ್ದು ಮೀನು ಚುರುಕಾಗಿದ್ದರೆ, ಅದು ರೋಗವಲ್ಲ. ಬೆದೆಗೆ ಬಂದ ಗಂಡು ಮೀನಿನ ಗುರುತು.

ಔಷಧಿ: ನೀರಿಗೋ, ಆಹಾರಕ್ಕೋ, ಸೂಜಿಗೋ?

ಯಾವುದನ್ನೇ ಆರಿಸಿ, ಮೊದಲು ಫಿಲ್ಟರಿನ ಇದ್ದಿಲು ತೆಗೆಯಿರಿ, ಯುವಿ ದೀಪ ಆರಿಸಿ. ಇದ್ದಿಲು ಔಷಧಿಯನ್ನು ಹೀರಿಬಿಡುತ್ತದೆ. ಚಿಕಿತ್ಸೆ ಮುಗಿದ ಮೇಲೆ ಅಥವಾ ಮೀನು ಒದ್ದಾಡಿದಾಗ ಅದೇ ಇದ್ದಿಲು ನಿಮ್ಮ ವಾಪಸ್ ದಾರಿ, ಹಾಗಾಗಿ ಹೊಸದೊಂದು ಪೊಟ್ಟಣ ಕೈಗೆಟುಕುವಲ್ಲಿರಲಿ.

ಪರೋಪಜೀವಿಗಳ ವಿಷಯದಲ್ಲಿ ಊಹೆಗಿಂತ ಮೈಲೋಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸುವುದು ಮೇಲು. ಐದು ನಿಮಿಷದ ಆ ಕೆಲಸ ವಾರಗಟ್ಟಲೆ ತಪ್ಪು ಔಷಧಿಯನ್ನು ಉಳಿಸುತ್ತದೆ. ಚರ್ಮ ಮತ್ತು ಕಿವಿರಿನ ಚಪ್ಪಟೆ ಹುಳ ಕಂಡರೆ ಪ್ರಾಜಿಕ್ವಾಂಟೆಲ್: ಲೀಟರಿಗೆ 2ರಿಂದ 2.5 ಮಿಲಿಗ್ರಾಂ, ಅಂದರೆ 100 ಲೀಟರಿಗೆ 200ರಿಂದ 250. ಇದು ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ, ಪುಡಿಯನ್ನು ಸ್ವಲ್ಪ ನೀರಿನೊಂದಿಗೆ ಮುಚ್ಚಳದ ಬಾಟಲಿಯಲ್ಲಿ ಜೋರಾಗಿ ಕುಲುಕಿ ಹಾಕಿ. ಮರಿ ಹಾಕುವ ಜಾತಿಯ ಹುಳಕ್ಕೆ ಒಂದು ಸುತ್ತು ಸಾಕಾಗಬಹುದು. ಕಿವಿರಿನ ಹುಳ ಮೊಟ್ಟೆಯಿಡುತ್ತದೆ, ಮೊಟ್ಟೆಗೆ ಔಷಧಿ ತಾಗುವುದಿಲ್ಲ; ವಾರ ಬಿಟ್ಟು ಎರಡನೆಯ, ಮೂರನೆಯ ಸುತ್ತು ಬೇಕು.

ಫಾರ್ಮಲಿನ್ ಮತ್ತು ಮ್ಯಾಲಕೈಟ್ ಗ್ರೀನ್ ಜೋಡಿ ಹೆಚ್ಚು ಬಗೆಯ ಪರೋಪಜೀವಿಗಳನ್ನು ಕೊಲ್ಲುತ್ತದೆ ನಿಜ. ಆದರೆ ಫಾರ್ಮಲಿನ್ ನೀರಿನ ಆಮ್ಲಜನಕ ತಿನ್ನುತ್ತದೆ, ಕಿವಿರನ್ನು ಕೆರಳಿಸುತ್ತದೆ. ಉಸಿರಿಗೇ ಒದ್ದಾಡುವ ಮೀನಿಗೆ ಪ್ರಾಜಿಕ್ವಾಂಟೆಲ್ ಅಥವಾ ಉಪ್ಪಿನಿಂದ ಆಗುವ ಕೆಲಸವನ್ನು ಇದಕ್ಕೆ ವಹಿಸಬಾರದು. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಅದು ತಣ್ಣಗಾಗಿ ಇನ್ನೂ ವಿಷಕಾರಿ ರೂಪಕ್ಕೆ ತಿರುಗಿದ ಫಾರ್ಮಲಿನ್, ಬಳಸಬೇಡಿ. ಮೆಥಿಲೀನ್ ಬ್ಲೂ ಬೂಷ್ಟಿಗೆ ಸೌಮ್ಯ, ಆದರೆ ಫಿಲ್ಟರಿನ ಬ್ಯಾಕ್ಟೀರಿಯಾ ಸಾಯಿಸುತ್ತದೆ, ಗಾಜಿನ ಅಂಟನ್ನು ಕಾಯಂ ನೀಲಿ ಮಾಡುತ್ತದೆ. ಚಿಕಿತ್ಸೆ ಟಬ್ಬಿನಲ್ಲಿ ಮಾತ್ರ.

ಕಣ್ಣಿಗೆ ಕಾಣುವ ಲಂಗರು ಹುಳವನ್ನು ಚಿಮಟದಿಂದ ಚರ್ಮದ ಬುಡದಲ್ಲೇ ಹಿಡಿದು ನಿಧಾನಕ್ಕೆ ಎಳೆಯಿರಿ. ಡೈಫ್ಲುಬೆಂಜುರಾನ್ ಎಂಬ ಔಷಧಿ ಪೊರೆ ಕಳಚುವ ಮರಿಗಳನ್ನು ಕೊಲ್ಲುತ್ತದೆಯೇ ಹೊರತು ದೊಡ್ಡವನ್ನಲ್ಲ, ಆದ್ದರಿಂದ ಎರಡೂ ಬೇಕು.

ಬ್ಯಾಕ್ಟೀರಿಯಾ ಸೋಂಕಿಗೆ ಬಂದರೆ, ಆಗಲೇ ನೋಡಿದ ಆ ಒಂದು ಉಂಡೆಯ ಉತ್ತರ ಇಲ್ಲಿ ಕೆಲಸಕ್ಕೆ ಬರುತ್ತದೆ. ಮೀನು ತಿನ್ನುತ್ತಿದ್ದರೆ ಆಂಟಿಬಯಾಟಿಕ್ ಆಹಾರದಲ್ಲಿ ಹೋಗಲಿ. ಔಷಧಿ ನೇರ ರಕ್ತಕ್ಕೆ ಹೋಗುತ್ತದೆ, ಫಿಲ್ಟರ್ ಬಹುಮಟ್ಟಿಗೆ ಉಳಿಯುತ್ತದೆ. ಯಾವ ಔಷಧಿ, ಎಷ್ಟು ಎಂಬುದನ್ನು ಮೀನು ನೋಡುವ ಪಶುವೈದ್ಯರೇ ಹೇಳಬೇಕು, ನೀವು ಕೊಡಬೇಕಾದದ್ದು ಮೀನಿನ ತೂಕ. ನೀರು ತುಂಬಿದ ಬಟ್ಟಲನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಮೀನನ್ನು ಅದರೊಳಗೆ ಬಿಟ್ಟರೆ ತೂಕ ಬಂತು. ವೈದ್ಯರು ಕೆಜಿಗೆ 50 ಮಿಲಿಗ್ರಾಂ ಎಂದರೆ 80 ಗ್ರಾಂ ಮೀನಿಗೆ 4 ಮಿಲಿಗ್ರಾಂ. ಅದನ್ನು ಆರಿದ ಜೆಲಟಿನ್ ಜೊತೆ ಉಂಡೆಯ ಪುಡಿಯಲ್ಲಿ ಕಲಸಿ, ತೆಳ್ಳಗೆ ಹರಡಿ ಫ್ರಿಜ್‌ನಲ್ಲಿ ಗಟ್ಟಿಯಾಗಿಸಿ, ದಿನದ ಪಾಲಿನಂತೆ ಚೌಕ ಕತ್ತರಿಸಿಡಿ. ಬಿಸಿ ಜೆಲಟಿನ್‌ಗೆ ಹಾಕಿದರೆ ಔಷಧಿ ಕೆಡಬಹುದು.

ತಿನ್ನದ ಮೀನಿಗೆ ಉಳಿಯುವುದು ನೀರು ಅಥವಾ ಸೂಜಿ. ನೀರಿಗೆ ಹಾಕಿದ ಎಲ್ಲ ಆಂಟಿಬಯಾಟಿಕ್ ಮೀನಿನೊಳಗೆ ಹೋಗುವುದಿಲ್ಲ. ಟೆಟ್ರಾಸೈಕ್ಲಿನ್ ಗುಂಪಿನವು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಅಂಟಿಕೊಂಡು ನಿಷ್ಪ್ರಯೋಜಕವಾಗುತ್ತವೆ. ಕ್ಯಾನಮೈಸಿನ್ ನೀರಿನಿಂದಲೂ ಸ್ವಲ್ಪ ಒಳಸೇರುತ್ತದೆ. ಸೂಜಿ ಎಲ್ಲಕ್ಕಿಂತ ಖಚಿತ, ಆದರೆ ಪ್ರತಿ ಸಲವೂ ಮೀನನ್ನು ಹಿಡಿಯಬೇಕು, ವೈದ್ಯರ ಕೈಯೇ ಬೇಕು. ಮೈಯಲ್ಲಿ ಆಳವಾದ ಹುಣ್ಣಿದ್ದು ಊಟ ಬಿಟ್ಟ ಮೀನಿಗೆ ಸೂಜಿಯೇ ನಮ್ಮ ಮತ. ಎರಡು ದಿನ ಕೊಟ್ಟು ಚೇತರಿಸಿತೆಂದು ನಿಲ್ಲಿಸುವುದು, ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆ ಕುಟ್ಟಿ ಹಾಕುವುದು, ಎರಡೂ ಮದ್ದಿಗೆ ಬಗ್ಗದ ರೋಗಾಣು ಸಾಕಿದ ಹಾಗೆ.

ಹುಣ್ಣಿಗೆ ಹೊರಗಿನಿಂದಲೂ ಉಪಚಾರ ಬೇಕು. ಒದ್ದೆ ಬಟ್ಟೆಯ ಮೇಲೆ ಮಲಗಿಸಿ, ಕಣ್ಣಿಗೆ ಒದ್ದೆ ಅಂಚು ಮುಚ್ಚಿ. ಹತ್ತಿಯ ಕಡ್ಡಿಯಿಂದ ಹುಣ್ಣಿನ ನೀರು ಒತ್ತಿ ತೆಗೆದು, ಇನ್ನೊಂದು ಕಡ್ಡಿಯಲ್ಲಿ ಪೊವಿಡೋನ್ ಅಯೋಡಿನ್ ಹಚ್ಚಿ, ಕಿವಿರಿನ ಕಡೆ ಹರಿಯದಂತೆ ತಲೆಯನ್ನು ತುಸು ಮೇಲಿರಿಸಿ. ಒಟ್ಟು ಒಂದು ನಿಮಿಷದೊಳಗೆ ಮೀನು ನೀರಿಗೆ. ಹುಣ್ಣಿನ ಸುತ್ತ ಬಿಳಿಯ ಹೊಸ ಅಂಚು ಕಟ್ಟತೊಡಗಿದರೆ ಅಯೋಡಿನ್ ನಿಲ್ಲಿಸಿ, ಆಮೇಲೆ ಅದು ಹೊಸ ಚರ್ಮವನ್ನೇ ಸುಡುತ್ತದೆ.

ಎಲ್ಲ ರೋಗಕ್ಕೂ ಒಂದೇ ಬಾಟಲಿ ಎಂಬ ಮಿಶ್ರಣಗಳ ಬಗ್ಗೆ ನಮಗೆ ಒಲವಿಲ್ಲ. ಗುಣವಾದರೆ ಯಾವುದರಿಂದ ಎಂದು ತಿಳಿಯದು, ಆಗದಿದ್ದರೆ ಯಾವುದನ್ನು ನಿಲ್ಲಿಸಬೇಕೆಂದೂ ತಿಳಿಯದು.

ತೇಲುವ ಮೀನು, ಮುಳುಗುವ ಮೀನು

ಗೋಲ್ಡ್‌ಫಿಶ್‌ಗೆ ಜಠರವಿಲ್ಲ, ತಿಂದದ್ದು ನೇರ ಕರುಳಿಗೆ ಹೋಗುತ್ತದೆ. ಗಾಳಿಚೀಲಕ್ಕೂ ಅನ್ನನಾಳಕ್ಕೂ ನಡುವೆ ಕೊಳವೆಯಿದೆ. ಗುಂಡು ಮೈಯ ತಳಿಗಳಲ್ಲಿ ಇವೆಲ್ಲ ಇಕ್ಕಟ್ಟಿನಲ್ಲಿ ಮಡಚಿಕೊಂಡಿರುತ್ತವೆ. ತಿಂದ ಮೇಲೆ ಮಾತ್ರ ತೇಲಿ ಕೆಲವು ಗಂಟೆಗಳಲ್ಲಿ ಸರಿಹೋಗುವ ಮೀನಿಗೆ ಉಪವಾಸ ಒಳ್ಳೆಯ ಔಷಧಿ: ಎರಡು–ಮೂರು ದಿನ ಏನೂ ಬೇಡ, ಆಮೇಲೆ ಸಿಪ್ಪೆ ತೆಗೆದು ಬೇಯಿಸಿ ಹಿಸುಕಿದ ಬಟಾಣಿ, ನಂತರ ತೇಲುವ ಆಹಾರ ಬಿಟ್ಟು ಮುಳುಗುವ ಉಂಡೆಗಳು, ದಿನಕ್ಕೆ ಮೂರು–ನಾಲ್ಕು ಸಲ ಚೂರುಚೂರು. ದಿನವಿಡೀ ತಳದಲ್ಲೇ ಬಿದ್ದಿರುವ ಮೀನಿಗೆ ಬಟಾಣಿಯಿಂದ ಆಗುವುದು ಕಡಿಮೆ. ಅಲ್ಲಿ ಎಕ್ಸ್‌ರೇ ಉತ್ತರ ಕೊಡುತ್ತದೆ: ಚೀಲದಲ್ಲಿ ನೀರು ತುಂಬಿದೆಯೋ, ಗಡ್ಡೆ ಅಥವಾ ಮೊಟ್ಟೆ ಒತ್ತುತ್ತಿದೆಯೋ ಎಂದು.

ತೇಲುವ, ಮುಳುಗುವ ಎರಡೂ ಬಗೆಯ ಮೀನಿಗೆ ನೀರಿನ ಆಳವನ್ನು 15–20 ಸೆಂಟಿಮೀಟರಿಗೆ ಇಳಿಸಿ, ಫಿಲ್ಟರಿನ ಹರಿವು ತಗ್ಗಿಸಿ. ತೇಲುವ ಮೀನಿನ ನೀರಿನ ಹೊರಗಿನ ಮೈ ಒಣಗಿ ಕೆಂಪಾಗುತ್ತದೆ. ಏರ್ ಸ್ಟೋನನ್ನು ಹತ್ತಿರ ತಂದರೆ ಚಿಮ್ಮುವ ಹನಿಗಳಿಂದಲೇ ತುಸು ಒದ್ದೆಯಾಗಿರುತ್ತದೆ. ಮುಳುಗಿದ ಮೀನಿನ ಹೊಟ್ಟೆಗೆ ಹುಣ್ಣಾಗದಂತೆ ಜಲ್ಲಿ ತೆಗೆದು ನುಣುಪು ತಳ ಮಾಡಿ. ತಿನ್ನುತ್ತ, ಹತ್ತಿರ ಬಂದವರನ್ನು ಗುರುತಿಸುತ್ತ ಇರುವ ಮೀನು ಹೀಗೇ ಬಹಳ ಕಾಲ ಬದುಕಬಲ್ಲದು. ಓರೆಯಾಗಿ ಈಜುತ್ತದೆ ಎಂಬುದೊಂದೇ ಅದನ್ನು ಸಾಯಿಸಲು ಕಾರಣವಾಗಬಾರದು.

ಡ್ರಾಪ್ಸಿ: ಮುಂದುವರಿಸುವುದೋ, ಬಿಟ್ಟುಕೊಡುವುದೋ?

ಮೇಲಿನಿಂದ ನೋಡಿ. ಹೊಟ್ಟೆ ಉಬ್ಬಿದ್ದು ಹುರುಪೆ ನುಣುಪಾಗಿದ್ದರೆ ಅದು ಮೊಟ್ಟೆ, ಮಲಬದ್ಧತೆ, ಗಡ್ಡೆ ಏನೂ ಆಗಿರಬಹುದು. ಹುರುಪೆಗಳು ಪೈನ್ ಕಾಯಿಯಂತೆ ಸುತ್ತ ಎದ್ದಿದ್ದರೆ ಮೈಯಲ್ಲಿ ನೀರು ತುಂಬಿದೆ, ಮೂತ್ರಪಿಂಡ ಸೋಲುತ್ತಿದೆ. ಇದು ರೋಗದ ಹೆಸರಲ್ಲ, ಬೇರೆ ಬೇರೆ ರೋಗಗಳು ಕೊನೆಗೆ ಬಂದು ಸೇರುವ ಸ್ಥಿತಿ. ಬದುಕುವವು ಕಡಿಮೆ. ಉಪ್ಪು ಹಾಕಿದರೆ ಮೈ ಇನ್ನೂ ಊದುತ್ತದೆ ಎನ್ನುವವರಿದ್ದಾರೆ. ಒಳಗೆ ನುಗ್ಗುತ್ತಿರುವುದು ಸಿಹಿನೀರೇ ಆದ್ದರಿಂದ ಲೀಟರಿಗೆ 1ರಿಂದ 3 ಗ್ರಾಂ ಉಪ್ಪಿನಿಂದ ಭಾರ ಇಳಿಯುತ್ತದೆ ಎಂಬುದೇ ನಮ್ಮ ಲೆಕ್ಕ. ಜೊತೆಗೆ ವೈದ್ಯರು ಹೇಳಿದ ಆಂಟಿಬಯಾಟಿಕ್, ಒಂದು ವಾರದಿಂದ ಹತ್ತು ದಿನ. ದಿನಾ ಒಂದೇ ಹೊತ್ತಿಗೆ ಮೇಲಿನಿಂದ ಫೋಟೊ ತೆಗೆದಿಡಿ, ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದನ್ನು ಆಸೆಯ ಕಣ್ಣಿಗಿಂತ ಅದು ಚೆನ್ನಾಗಿ ಹೇಳುತ್ತದೆ.

ಊಟ ಬಿಟ್ಟು ವಾರವಾಗಿ, ಮಗುಚಿ ಬಿದ್ದು ಏಳಲಾಗದೆ, ಮುಟ್ಟಿದರೂ ಕದಲದೆ, ಹುರುಪೆ ಇಳಿಯುವ ಸೂಚನೆಯೇ ಇಲ್ಲದಿದ್ದರೆ ನೋವು ಲಂಬಿಸುವುದರಲ್ಲಿ ಅರ್ಥವಿಲ್ಲ. ವೈದ್ಯರು ಸಿಕ್ಕರೆ ಟ್ರೈಕೇನ್ ಎಂಬ ಅರಿವಳಿಕೆಯಲ್ಲಿ ಮುಗಿಸುತ್ತಾರೆ, ಅದೇ ಮೊದಲ ಆಯ್ಕೆ. ಸಿಗದಿದ್ದರೆ ಲವಂಗದ ಎಣ್ಣೆ. ಎಣ್ಣೆ ನೀರಿನ ಮೇಲೆ ತೇಲುವುದರಿಂದ ನೇರ ಹನಿಸಬಾರದು. ಸಣ್ಣ ಬಾಟಲಿಯಲ್ಲಿ ಬೆಚ್ಚಗಿನ ನೀರಿನೊಂದಿಗೆ ಹಾಲಿನಂತೆ ಬೆಳ್ಳಗಾಗುವವರೆಗೆ ಕುಲುಕಿ. ಟ್ಯಾಂಕಿನದೇ ನೀರಿರುವ ಬಟ್ಟಲಿಗೆ ಮೊದಲು ಲೀಟರಿಗೆ 0.1 ಮಿಲಿಯಷ್ಟು ಎಣ್ಣೆಯ ಮಿಶ್ರಣ ನಿಧಾನಕ್ಕೆ ಬೆರೆಸಿ. ಮೀನು ವಾಲಿ, ಬಾಲ ಹಿಸುಕಿದರೂ ಪ್ರತಿಕ್ರಿಯಿಸದಂತಾದ ಮೇಲೆ ಒಟ್ಟು ಲೀಟರಿಗೆ 0.4 ಮಿಲಿ ಆಗುವಷ್ಟು ಸೇರಿಸಿ. ಕಿವಿರು ನಿಂತ ಮೇಲೂ ಹೃದಯ ಬಡಿಯುತ್ತಿರುತ್ತದೆ, ಆದ್ದರಿಂದ ಇನ್ನೂ ಅರ್ಧ ಗಂಟೆ ಅದೇ ನೀರಿನಲ್ಲಿರಲಿ. ಫ್ರೀಜರಿಗಿಡುವುದು, ಐಸ್ ನೀರಿಗೆ ಹಾಕುವುದು ತಣ್ಣೀರಿನ ಈ ಮೀನಿಗೆ ನಿಧಾನದ ಸಾವು. ಜೀವಂತ ಮೀನನ್ನು ಕಮೋಡಿಗೆ ಹಾಕುವುದಂತೂ ಕ್ರೌರ್ಯ. ದೇಹವನ್ನು ಕೆರೆಗೋ ಹೊಳೆಗೋ ಎಸೆಯದೆ ಮಣ್ಣಿನಲ್ಲಿ ಆಳಕ್ಕೆ ಹೂಳಿ, ರೋಗ ಅಲ್ಲಿನ ಮೀನುಗಳಿಗೆ ಹೋಗದಿರಲಿ.

ಚಿಕಿತ್ಸೆ ಟಬ್, ಬಟ್ಟಲು, ಪೈಪುಗಳನ್ನು ತೊಳೆದು ಬಿಸಿಲಿನಲ್ಲಿ ಹಲವು ದಿನ ಪೂರ್ತಿ ಒಣಗಿಸಿ. ಸತ್ತದ್ದು ಟ್ಯಾಂಕಿನ ಒಂಟಿ ಮೀನಾಗಿದ್ದರೆ ಫಿಲ್ಟರನ್ನು ಖಾಲಿ ಓಡಿಸಿದರೂ ಅದರ ಬ್ಯಾಕ್ಟೀರಿಯಾ ಹಸಿವಿನಿಂದ ಕ್ಷೀಣಿಸುತ್ತದೆ. ಇನ್ನೊಂದು ಮೀನು ತರುವ ಮುಂಚೆ ಅಮೋನಿಯಾ, ನೈಟ್ರೈಟ್ ಎರಡನ್ನೂ ಮತ್ತೆ ಮೊದಲಿನಿಂದ ಅಳೆಯಬೇಕಾಗುತ್ತದೆ.